ಗುಡ್ಡದ ಬೀಜ, ಬಯಲಿನ ಬೀಜ

ಜೂನ್ 9

ಅಮ್ಮ,

ಫೋನಿನಲ್ಲೇ ಹೇಳಿಬಿಡೋಣ ಅಂತ ಎಷ್ಟು ಸಲ ಮಾಡಿದೆ. ಮಾತು ಶುರು ಮಾಡೋ ಹೊತ್ತಿಗೆ ನೀನು ಚಿಕ್ಕಮ್ಮನ ಮೊಣಕಾಲಿನ ಪುರಾಣ ತೆಗೆದು, ಅದು ಮುಗಿದ ತಕ್ಷಣ ಇಟ್ಟುಬಿಡ್ತೀಯ. ಅದಕ್ಕೇ ಕಾಗದ ಬರೀತಿದೀನಿ. ಇದನ್ನಾದರೂ ಕೊನೆವರೆಗೂ ಓದು.

ಆಫ್ರಿಕಾದ ಕಾಡು ಅಲಸಂದೆಗಳ ಹೆಸರು ಸರಿಮಾಡೋ ಕೆಲಸ ಕೊನೆಗೂ ಶುರುವಾಗಿದೆ. ಅದು ನನ್ನ ತಲೆಗೇ ಬಂದಿದೆ. ನಮ್ಮ ಹರ್ಬೇರಿಯಂನಲ್ಲಿ ಒಣಗಿಸಿದ ಗಿಡದ ಹಾಳೆ ತುಂಬಿದ ಆ ಕಪಾಟುಗಳ ಅವಸ್ಥೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅರ್ಧ ಆಯಸ್ಸು ಅವುಗಳ ಮುಂದೆಯೇ ಕೂತಿದ್ದವಳು ನೀನು. ಒಂದು ಬಳ್ಳಿಗೆ ಯಾರೋ ಒಂದು ಹೆಸರಿಟ್ಟರು. ಇನ್ಯಾರೋ ಅದನ್ನ ನೋಡದೇ ಮತ್ತೊಂದಿಟ್ಟರು. ಎಲೆ ಸ್ವಲ್ಪ ಸಣ್ಣದಿದೆ ಅಂತ ಮೂರನೆಯವರು ಅದರಲ್ಲೇ ಒಂದು ಉಪಪ್ರಭೇದ ಮಾಡಿದರು. ಈಗ ತಳಿಗಳ ಬೀಜ ಕಾಪಿಡೋ ಬೀಜಕೋಠಿಯವರು ತಲೆ ಮೇಲೆ ಕೈ ಹೊತ್ತು ಕೂತಿದಾರೆ. ಹುಳ ತಡೆಯೋ ಕಾಡು ತಳಿ ಕೊಡಿ ಅಂತ ಯಾರಾದರೂ ಕೇಳಿದರೆ, ಎರಡು ಹೆಸರಿನ ಪೊಟ್ಟಣದಲ್ಲಿ ಒಂದೇ ಬೀಜ ಕಳಿಸ್ತಿದೀವೇನೋ ಅಂತ ಅವರಿಗೇ ಅನುಮಾನ. ಆದ್ದರಿಂದ ನಾನು ಒಂದೊಂದೇ ಹೆಸರು ಹಿಡಿದು, ಇದು ನಿಜವಾಗ್ಲೂ ಬೇರೆ ಗಿಡವೋ, ಹಳೇ ಗಿಡಕ್ಕೇ ಇಟ್ಟ ಹೊಸ ಹೆಸರೋ ಅಂತ ತೀರ್ಮಾನ ಮಾಡಬೇಕು. ಹಳೇದೇ ಆಗಿದ್ದರೆ ಮೊದಲಿಟ್ಟ ಹೆಸರು ಉಳಿಯುತ್ತೆ, ಆಮೇಲಿಟ್ಟದ್ದು ಪರ್ಯಾಯನಾಮ ಅಂತ ಅದರ ಕೆಳಗಿನ ಸಾಲಿಗೆ ಇಳಿಯುತ್ತೆ.

ಅದರಲ್ಲಿ ನಮ್ಮದೂ ಇದೆ ಅಮ್ಮ. ನಾನು ಹುಟ್ಟಿದ ವರ್ಷ ನೀನು ನನ್ನ ಹೆಸರಿಟ್ಟೆಯಲ್ಲ, ಆ ಉಪಪ್ರಭೇದ.

ದೊಡ್ಡ ಸಾಹೇಬರ ಹತ್ತಿರ ಹೋಗಿ, ಇದೊಂದನ್ನ ಬೇರೆಯವರಿಗೆ ಕೊಡಿ ಸಾರ್, ಹೆಸರು ನನ್ನದು, ಇಟ್ಟವರು ನನ್ನ ತಾಯಿ ಅಂದೆ. ಅವರು ನಿನ್ನ ಶಿಷ್ಯರು ತಾನೇ, ನಕ್ಕರು. ಅದನ್ನ ಮುಟ್ಟೋಕೇ ಹೋಗಬೇಡ, ಇದ್ದ ಹಾಗೇ ಇರಲಿ ಬಿಡು, ಪಾಪ ಮೇಡಂ ಜೀವಮಾನದಲ್ಲಿ ಇಟ್ಟ ಹೆಸರು ಅದೊಂದೇ ಅಂದರು. ಮುಟ್ಟದೇ ಬಿಟ್ಟರೆ ಉಳಿದ ಹೆಸರುಗಳನ್ನ ಯಾವ ಮುಖ ಇಟ್ಕೊಂಡು ಬೀಳಿಸಲಿ? ಮುಟ್ಟಿದರೆ ನಿನಗೆ ಏನಂತ ಹೇಳಲಿ? ಕೂತಲ್ಲಿ ಕೂರೋಕೆ ಆಗ್ತಿಲ್ಲ. ನೀನೇ ಹೇಳು.

ನಿನ್ನ ತರಲೆ


ಜೂನ್ 20

ತರಲೆ,

ಕಾಗದ ಚಿಕ್ಕಮ್ಮ ಓದಿ ಹೇಳಿದಳು. ಮೊಣಕಾಲಿನ ಪುರಾಣ ಅನ್ನೋ ಕಡೆ ನಿಲ್ಲಿಸಿ ನನ್ನ ಮುಖ ನೋಡಿದಳು, ಆಮೇಲೆ ಮುಂದಕ್ಕೆ ಹೋದಳು. ಉತ್ತರ ಮಾತ್ರ ನಾನೇ ಬರೀತಿದೀನಿ. ಕಣ್ಣಿನ ಪೊರೆ ಇನ್ನಷ್ಟು ದಪ್ಪ ಆಗಿದೆ, ಸಾಲು ಸೊಟ್ಟಗಿದ್ದರೆ ಹಲ್ಲು ಕಿರಿಯಬೇಡ.

ಪಾಪ ಅಂದನಾ ಅವನು? ಸೂಜಿ ಹಿಡಿದು ಹೂವು ಬಿಡಿಸೋದನ್ನ ಅವನಿಗೆ ಕಲಿಸಿದವಳು ನಾನು ಕಣೇ. ಹೂವು ಬಿಟ್ಟು ತನ್ನ ಹೆಬ್ಬೆರಳನ್ನ ಚುಚ್ಚಿಕೊಂಡು, ರಜಾ ಕೊಡಿ ಮೇಡಂ ಅಂತ ನಿಂತಿದ್ದ. ಅವನ ಪಾಪ ಅವನ ಹತ್ತಿರವೇ ಇರಲಿ. ಕನಿಕರಕ್ಕೆ ಉಳಿಸಿದ ಹೆಸರು ನನಗೆ ಬೇಡ. ಹಾಗಂತ ಸುಮ್ಮಸುಮ್ಮನೆ ಬೀಳಿಸೋಕೂ ನಾನು ಬಿಡಲ್ಲ.

ನನ್ನ ಕೈಗೆ ಬಂದದ್ದು ಒಂದೇ ಒಂದು ಒಣಗಿಸಿದ ಹಾಳೆ. ಗಿಡ ಸಂಗ್ರಹಿಸೋರು ಯಾರೋ ಕಲ್ಲುಗುಡ್ಡದಿಂದ ಕಿತ್ತು ತಂದದ್ದು. ಎಲೆ ಕಡ್ಡಿ ಹಾಗೆ ಸಣ್ಣ. ಕಾಯಿ ಮೇಲೆ ಬೆರಳಾಡಿಸಿದರೆ ಮಖಮಲ್ಲು. ಹಳೇ ಹೆಸರಿನ ಗಿಡ ಬಯಲಿನದು, ಅದರ ಎಲೆ ಅಗಲ, ಕಾಯಿ ನುಣುಪು. ನಾನು ಆ ಖಂಡದಲ್ಲಿ ಕಾಲಿಟ್ಟವಳಲ್ಲ, ಹಾಳೆ ನೋಡಿ ಬರೆದೆ, ಎಲ್ಲರೂ ಹಾಗೇ ಬರೀತಿದ್ದ ಕಾಲ. ನಿನಗೆ ಈಗ ಜೀವ ಇರೋ ಬೀಜ ತರಿಸೋ ದಾರಿ ಇದೆ. ಅದೇ ಗುಡ್ಡದ ಬೀಜ, ಅದೇ ಬಯಲಿನ ಬೀಜ ತರಿಸು. ಒಂದೇ ಮಣ್ಣು, ಒಂದೇ ನೀರು ಕೊಟ್ಟು ಪಕ್ಕಪಕ್ಕ ಬೆಳೆಸು. ಕಲ್ಲು ಬಿಸಿಲಿಂದ ಹಾಗಾಗಿದ್ದ ಗಿಡ ನಿನ್ನ ಕುಂಡದಲ್ಲಿ ಬಯಲಿನದರ ಹಾಗೇ ಆಗುತ್ತೆ. ಹುಟ್ಟಿನಿಂದಲೇ ಬೇರೆ ಇದ್ದದ್ದು ಎಲ್ಲಿಟ್ಟರೂ ಬೇರೆಯೇ ಇರುತ್ತೆ. ಅದು ಹೇಳಲಿ, ಕೇಳೋಣ.

ಇನ್ನೊಂದು. ಇಡೀ ಕಾಗದದಲ್ಲಿ ಅಳಿಯಂದಿರ ಸುದ್ದಿ ಒಂದಕ್ಷರ ಇಲ್ಲ.

ಅಮ್ಮ


ಆಗಸ್ಟ್ 14

ಅಮ್ಮ,

ಬೀಜ ಬಂತು. ಆ ಕಡೆಯ ಬೀಜಕೋಠಿಯವರು ಒಳ್ಳೆಯವರು, ನಿನ್ನ ಗುಡ್ಡ ಯಾವುದು ಅಂತ ಹುಡುಕಿ, ಅಲ್ಲೇ ಬೇರೆ ಬೇರೆ ಬಳ್ಳಿಗಳಿಂದ ಆರಿಸಿದ್ದನ್ನ ಕಳಿಸಿದಾರೆ. ಕಾಡಿನ ಬೀಜ ಅಲ್ವಾ, ಸಿಪ್ಪೆ ಕಲ್ಲು. ಒಂದೊಂದನ್ನೂ ಉಗುರು ಉಜ್ಜೋ ಅರದಲ್ಲಿ ಸ್ವಲ್ಪ ಕೆರೆದು ನೆನೆಸಿದೆ. ಊದಿಕೊಂಡವು. ಗುಡ್ಡದ್ದು, ಬಯಲಿನದು, ಎರಡನ್ನೂ ಬೆರೆಸಿ ಸಾಲಾಗಿ ಕುಂಡಗಳಲ್ಲಿ ಹಾಕಿದೀನಿ. ಕುಂಡದ ಮೇಲೆ ಬರೀ ಸಂಖ್ಯೆ.

ಜಾಗ ಹಿಂದಿನ ಗಾಜಿನಮನೆ. ನನ್ನ ಮೇಜನ್ನೂ ಅದರ ಪಕ್ಕದ ಕೋಣೆಗೆ ಎಳೆಸಿಕೊಂಡೆ. ಕಿಟಕಿ ತೆಗೆದರೆ ಕೈಗೆ ಸಿಗೋ ಹಾಗಿವೆ ಗಿಡಗಳು. ಕಾವಲುಗಾರ ತಾತನಿಗೂ ಹೇಳಿದೀನಿ, ಯಾರೂ ಮುಟ್ಟಬಾರದು ಅಂತ. ಅವರು ದೀಪ ಹಾಕಿದರೆ ಹುಳ ಬರ್ತವೆ ಅಂತ ಗೇಟಿನ ಹತ್ತಿರ ಕತ್ತಲಲ್ಲೇ ರೇಡಿಯೋ ಹಿಡ್ಕೊಂಡು ಕೂತಿರ್ತಾರೆ. ಒಳ್ಳೆ ಮನುಷ್ಯ.

ದಿನಕ್ಕೆ ಎಷ್ಟು ಸಲ ಎದ್ದು ನೋಡ್ತೀನೋ ಲೆಕ್ಕವಿಲ್ಲ. ಬೆರಳಿಟ್ಟು ಮಣ್ಣು ಒದ್ದೆ ಇದೆಯಾ ನೋಡೋದು, ಬರೋದು, ಮತ್ತೆ ಹೋಗೋದು. ನಮ್ಮ ಟೈಪಿಸ್ಟ್ ಅಕ್ಕ, ಏನ್ರೀ ಹೆರಿಗೆ ವಾರ್ಡಿನ ಹೊರಗೆ ನಿಂತಿರೋರ ಹಾಗೆ ಆಡ್ತೀರಲ್ಲ ಅಂದರು.

ನಿನ್ನ ಅಳಿಯ ಚೆನ್ನಾಗಿದಾರೆ.

ನಿನ್ನ ತರಲೆ


ಅಕ್ಟೋಬರ್ 3

ಅಮ್ಮ,

ಹೇಗೆ ಬರೀಲಿ ಅಂತ ಗೊತ್ತಾಗದೇ ಒಂದು ವಾರ ತಳ್ಳಿದೆ. ಎಲೆ ಅಗಲ ಆಗಿವೆ. ಗುಡ್ಡದ್ದೂ ಅಷ್ಟೇ, ಬಯಲಿನದೂ ಅಷ್ಟೇ. ಮೊದಲ ಎರಡು ಎಲೆ ಸಣ್ಣಗೆ ಬಂದಾಗ ನಾನು ಕುಣಿದಾಡಿಬಿಟ್ಟಿದ್ದೆ. ಆಮೇಲಿನವು ಹೊಟ್ಟೆ ತುಂಬ ಊಟ ಸಿಕ್ಕ ಮಕ್ಕಳ ಹಾಗೆ ಮೈ ತುಂಬಿಕೊಂಡವು. ಈಗ ಸಂಖ್ಯೆ ಮುಚ್ಚಿಟ್ಟರೆ ಯಾವುದು ಎಲ್ಲಿಯದು ಅಂತ ನನಗೇ ಗೊತ್ತಾಗಲ್ಲ.

ಉಳಿದಿರೋದು ಕಾಯಿ ಒಂದೇ. ಮಖಮಲ್ಲು ಗುಡ್ಡದ್ದರಲ್ಲಿ ಮಾತ್ರ ಬಂದರೆ ಹೆಸರು ಉಳೀತು. ಆದರೆ ಕಾಯಿಗೆ ಮೊದಲು ಹೂವು ಬೇಕಲ್ಲ, ಮೊಗ್ಗಿನ ಸುಳಿವೇ ಇಲ್ಲ.

ನಿನ್ನ ತರಲೆ


ಅಕ್ಟೋಬರ್ 15

ತರಲೆ,

ಎಲೆ ಹೋದರೆ ಹೋಗಲಿ. ಎಲೆ ನಂಬೋಕೆ ಆಗಲ್ಲ ಅಂತ ನನಗೆ ಮೊದಲಿಂದಲೂ ಇತ್ತು. ನಾನು ಹೆಸರಿಟ್ಟದ್ದು ಕಾಯಿ ನೋಡಿ. ಕಾಯಿ ಬರಲಿ, ಆಮೇಲೆ ಮಾತಾಡು.

ಇದನ್ನ ಬರೆದು ಎದ್ದವಳು ಎರಡು ಲೋಟ ಒಡೆದೆ. ಕಣ್ಣು ಕಾಣದೇ ಅಂತ ಚಿಕ್ಕಮ್ಮನಿಗೆ ಹೇಳಿದೆ. ನಂಬಲಿಲ್ಲ ಅವಳು.

ಅಮ್ಮ


ನವೆಂಬರ್ 12

ಅಮ್ಮ,

ಹೂವಿಲ್ಲ. ಬಳ್ಳಿ ಮಾತ್ರ ಗೋಡೆ ಹತ್ತಿ ಸೂರು ಮುಟ್ಟಿದೆ. ಗೊಬ್ಬರ ಕಡಿಮೆ ಮಾಡಿದೆ, ನೀರು ಹಿಡಿದು ಕೊಟ್ಟೆ, ತುದಿ ಚಿವುಟಿದೆ. ಏನು ಮಾಡಿದರೂ ಜಪ್ಪಯ್ಯ ಅನ್ನಲ್ಲ. ಜನವರಿ ಕೊನೆಗೆ ಈ ಹೆಸರುಗಳ ಪುಸ್ತಕದ ಪುಟಗಳು ಅಚ್ಚಿಗೆ ಹೋಗಬೇಕು. ಸಾಹೇಬರು ಬಾಗಿಲಲ್ಲಿ ಇಣುಕಿ, ಪ್ರಕೃತಿಯೇ ಬೇಡ ಅಂತಿದೆ, ಇದ್ದ ಹಾಗೇ ಇರಲಿ ಅಂತ ನಾನು ಆವತ್ತೇ ಹೇಳಲಿಲ್ವಾ ಅಂತಾರೆ. ಪಿತ್ತ ನೆತ್ತಿಗೇರುತ್ತೆ. ಒಳಗೊಳಗೇ, ಹೂವು ಬರದಿದ್ದರೇ ಒಳ್ಳೇದೇನೋ, ತೀರ್ಮಾನ ಮಾಡೋದು ತಪ್ಪುತ್ತೆ ಅಂತಲೂ ಅನಿಸುತ್ತೆ. ಅದು ಇನ್ನೂ ಕೆಟ್ಟದು.

ಮಗುವಿಗೆ ಜ್ವರ ಬಂದಾಗ ಕೂತ ಹಾಗೆ ಕಿಟಕಿ ಪಕ್ಕದಲ್ಲೇ ಇರ್ತೀನಿ. ಬೇರೆ ಏನು ಮಾಡಬೇಕೋ ತೋಚ್ತಿಲ್ಲ. ಆ ಬಾಗಿಲ ಕಡೆ, ಕಿಟಕಿಯಿಂದ ದೂರ ಇರೋ ಕೊನೇ ಕುಂಡಗಳಲ್ಲಿ ಮಾತ್ರ ನಿನ್ನೆ ಸಾಸಿವೆ ಗಾತ್ರದ ಮೊಗ್ಗು ಕಂಡವು, ಗುಡ್ಡದ್ದರಲ್ಲೂ ಬಯಲಿನದರಲ್ಲೂ. ನನ್ನ ಕಿಟಕಿ ಹತ್ತಿರದವು ಪೂರ್ತಿ ಬೋಳು. ಅಲ್ಲಿ ಮಣ್ಣೇನಾದರೂ ಬೇರೆ ಬಿತ್ತಾ ಅಂತ ಅಗೆದೂ ನೋಡಿದೆ. ಅದೇ ಮಣ್ಣು.

ನಿನ್ನ ತರಲೆ


ನವೆಂಬರ್ 22

ತರಲೆ,

ಚಿಕ್ಕಮ್ಮ ನಿನ್ನ ಕಾಗದದ ಕೊನೇ ಭಾಗವನ್ನ ಎರಡು ಸಲ ಓದಿದಳು. ನಾನೇ ಓದಿಸಿದೆ.

ಅವು ಇರುಳು ಉದ್ದ ಆದಾಗ ಹೂ ಬಿಡೋ ಬಳ್ಳಿಗಳು ಕಣಮ್ಮ. ಕತ್ತಲು ಒಂದೇ ಸಮ ಇರಬೇಕು. ನಡುವೆ ಬೆಳಕು ಬಿದ್ದರೆ ಇರುಳು ಇನ್ನೂ ಚಿಕ್ಕದು ಅಂದ್ಕೊಂಡು ಎಲೆ ಬಿಟ್ಟುಕೊಂಡೇ ಇರ್ತವೆ. ಇದು ನಿನಗೂ ಗೊತ್ತು. ಪರೀಕ್ಷೆಯಲ್ಲಿ ಬರೆದು ಒಳ್ಳೆ ಅಂಕ ತಗೊಂಡಿದ್ದೆ.

ದೂರದ ಕುಂಡ ಮೊಗ್ಗು ಬಿಟ್ಟಿದೆ, ಕಿಟಕಿ ಹತ್ತಿರದ್ದು ಬಿಟ್ಟಿಲ್ಲ. ಅಂದರೆ ಆ ಕಿಟಕಿಯಲ್ಲಿ ರಾತ್ರಿ ಹೊತ್ತು ದೀಪ ಉರೀತಿದೆ. ಕಾವಲುಗಾರ ಕತ್ತಲಲ್ಲೇ ಕೂರ್ತಾರೆ ಅಂತ ನೀನೇ ಬರೆದಿದ್ದೆ. ಆ ಕೋಣೆ ನಿನ್ನದು. ಒಂದು ದಿನ ಎರಡು ದಿನ ತಡವಾಗಿ ಕೂತರೆ ಗಿಡ ಇಷ್ಟು ಮುನಿಸಿಕೊಳ್ಳಲ್ಲ. ಬಿತ್ತಿದ ದಿನದಿಂದ ದೀಪ ಇದೆ.

ನೀನು ಯಾವಾಗಿಂದ ಅಲ್ಲಿ ಮಲಗ್ತಿದೀಯ?

ಬೈಯೋಕೆ ಕೇಳ್ತಿಲ್ಲ. ಬೈಯೋದಿದ್ದರೆ ಫೋನು ಮಾಡ್ತಿದ್ದೆ. ಚಿಕ್ಕಮ್ಮನೂ ಪಕ್ಕದಲ್ಲಿ ಕೂತು ಕಣ್ಣು ಒರೆಸ್ಕೋತಿದಾಳೆ, ಅವಳದ್ದೊಂದು. ಮೊದಲು ದೀಪ ಆರಿಸು. ಆಮೇಲೆ ಬರಿ.

ಅಮ್ಮ


ಡಿಸೆಂಬರ್ 1

ಅಮ್ಮ,

ಜುಲೈಯಿಂದ.

ಜಗಳ ಇಲ್ಲ, ಹೊಡೆತ ಬಡಿತ ಇಲ್ಲ. ಹಾಗೆಲ್ಲ ಇದ್ದಿದ್ದರೆ ಬಾಯಿ ಬಿಟ್ಟು ಹೇಳೋಕೆ ಸುಲಭ ಇರ್ತಿತ್ತು. ಅವರು ಒಂದು ಕೋಣೆ, ನಾನು ಒಂದು ಕೋಣೆ, ನಡುವೆ ಟಿವಿ. ಒಂದು ದಿನ ನಾನು ಬೇರೆ ಇರ್ತೀನಿ ಅಂದೆ. ಅವರು ಗ್ಯಾಸ್ ಬುಕ್ ಮಾಡಿದೀಯಾ ಅಂತ ಕೇಳಿದರು. ನಾನು ಮಾಡಿದೀನಿ ಅಂದೆ, ಚೀಲ ತಗೊಂಡು ಬಂದೆ. ಅಷ್ಟೇ ನಡೆದದ್ದು. ಇಲ್ಲಿ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಕ್ಕೊಂಡೆ. ಕುಂಡ ತೊಳೆಯೋ ತೊಟ್ಟಿಯಲ್ಲಿ ಬಟ್ಟೆ ಒಗೀತಿದ್ದೆ. ಕತ್ತಲು ಮಾಡಿದರೆ ನಿದ್ದೆ ಬರ್ತಿರಲಿಲ್ಲ, ಅದಕ್ಕೇ ದೀಪ. ಗಿಡ ನೋಡ್ಕೋತಿದೀನಿ ಅನ್ನೋದೊಂದು ನೆಪ ಸಿಕ್ಕಿತ್ತು, ಆ ನೆಪವೇ ಅವಕ್ಕೆ ಮುಳುವಾಯ್ತು ನೋಡು.

ನಿನಗೆ ಯಾಕೆ ಹೇಳಲಿಲ್ಲ ಅಂತೀಯ. ಹೆಸರಿನ ವಿಷಯ ಬೇರೆ ಕುತ್ತಿಗೆಗೆ ಬಂದಿತ್ತು. ಒಂದೇ ವರ್ಷ ಎರಡು ಕೆಟ್ಟ ಸುದ್ದಿ ಕೊಡೋಕೆ ಧೈರ್ಯ ಸಾಲಲಿಲ್ಲ.

ಕಾಗದ ಬಂದ ದಿನವೇ ಚೀಲ ಎತ್ತಿಕೊಂಡೆ. ಈಗ ಟೈಪಿಸ್ಟ್ ಅಕ್ಕನ ಮನೆ ಮಹಡಿಯ ಕೋಣೆಯಲ್ಲಿದೀನಿ. ಒಂದು ಮಂಚ, ಒಂದು ಕಿಟಕಿ, ಕೆಳಗಡೆ ಸೈಕಲ್ ಅಂಗಡಿಯ ಟಕಟಕ. ನಿದ್ದೆ ಅಷ್ಟಕ್ಕಷ್ಟೇ. ಗಾಜಿನಮನೆ ಮಾತ್ರ ಈಗ ಕಗ್ಗತ್ತಲು. ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ ಕಿಟಕಿ ಸಾಲಿನಲ್ಲೂ ಮೊಗ್ಗು ಮೂಡ್ತಿದೆ. ನಿಂತಲ್ಲೇ ಅತ್ತುಬಿಟ್ಟೆ. ಯಾವುದಕ್ಕೆ ಅಂತ ಕೇಳಬೇಡ.

ನಿನ್ನ ತರಲೆ


ಡಿಸೆಂಬರ್ 10

ತರಲೆ,

ಅಳಿಯನ ವಿಷಯ ನೀನು ಹೇಳಿದ್ದು ಸಾಕು. ಇನ್ನು ಯಾರಾದರೂ ಕೇಳಿದರೆ ನಾನು ಉತ್ತರ ಕೊಡ್ತೀನಿ, ನೀನು ಯಾರಿಗೂ ಸಮಜಾಯಿಷಿ ಕೊಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನನಗೆ ಕೆಟ್ಟ ಸುದ್ದಿ ತಡ್ಕೊಳ್ಳೋ ಶಕ್ತಿ ಇಲ್ಲ ಅಂತ ನಿನಗೆ ಯಾರು ಹೇಳಿದ್ದು? ನಿನ್ನನ್ನ ಒಬ್ಬಳೇ ಸಾಕಿದವಳು ನಾನು. ಇದು ಮಾತ್ರ ನನಗೆ ನೋವಾಯ್ತು. ಹೇಳಿದೆ, ಮುಗೀತು.

ಈಗ ಕೆಲಸ. ಕಾಯಿ ಬಲಿತ ಮೇಲೆ ನೀನೊಬ್ಬಳೇ ತೀರ್ಮಾನ ಮಾಡಬೇಡ. ನೀನು ನನ್ನ ಮಗಳು, ನಿನ್ನ ಕಣ್ಣು ನನ್ನ ಕಡೆ ವಾಲುತ್ತೆ. ವಾಲಬಾರದು ಅಂತ ಹಟ ಹಿಡಿದು ಆ ಕಡೆಗೂ ವಾಲಬಹುದು, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ. ಪ್ರತಿ ಕುಂಡದಿಂದ ಒಂದೊಂದು ಕಾಯಿ ಕಿತ್ತು, ಬರೀ ಸಂಖ್ಯೆ ಹಚ್ಚಿ ನನಗೆ ಕಳಿಸು. ಯಾವುದು ಗುಡ್ಡದ್ದು ಯಾವುದು ಬಯಲಿನದು ಅಂತ ಬರೀಬೇಡ. ಬೆರಳಲ್ಲಿ ಮುಟ್ಟಿ ನಾನು ಎರಡು ಪಾಲು ಮಾಡ್ತೀನಿ. ನನ್ನ ಎರಡು ಪಾಲು ಗುಡ್ಡದ್ದು, ಬಯಲಿನದು ಅನ್ನೋದಕ್ಕೆ ಸರಿಹೊಂದಿದರೆ ಹೆಸರು ನಿಲ್ಲಲಿ. ಹೊಂದದೇ ಇದ್ದರೆ ಬೀಳಲಿ. ಕಣ್ಣು ಕಾಣದವಳ ಬೆರಳಿಗೆ ಮಗಳೂ ಇಲ್ಲ, ಶಿಷ್ಯನೂ ಇಲ್ಲ.

ಅಮ್ಮ


ಜನವರಿ 14

ಅಮ್ಮ,

ಕಾಯಿ ಕಳಿಸಿದೀನಿ. ಪೆಟ್ಟಿಗೆಯಲ್ಲಿ ಹತ್ತಿ ಹಾಕಿದೀನಿ, ಚಿಕ್ಕಮ್ಮ ತೆಗೀಲಿ, ನೀನು ಆತುರ ಬೀಳಬೇಡ. ನಾನೂ ಮುಟ್ಟಿಲ್ಲ. ಟೈಪಿಸ್ಟ್ ಅಕ್ಕನ ಕೈಲೇ ಕೀಳಿಸಿ, ಸಂಖ್ಯೆ ಹಚ್ಚಿಸಿದೆ. ಅವರಿಗೆ ಹುರುಳಿಗೂ ಅಲಸಂದೆಗೂ ವ್ಯತ್ಯಾಸ ಗೊತ್ತಿಲ್ಲ.

ಪುಟ ಕೊಡೋಕೆ ಸಾಹೇಬರು ಜನವರಿ ಕೊನೆಯ ಮೇಲೆ ಇನ್ನೊಂದೆರಡು ವಾರ ಬಿಟ್ಟಿದಾರೆ. ಈ ಸಲ ನಗಲಿಲ್ಲ. ಮೇಡಂಗೆ ಕಾಯಿ ಕಳಿಸಿದ್ಯಂತೆ ಅಂದರು, ನಾನು ಹೌದು ಅಂದೆ, ತಮ್ಮ ಹೆಬ್ಬೆರಳು ನೋಡ್ಕೊಂಡು ಒಳಗೆ ಹೋದರು.

ನಿನ್ನ ತರಲೆ


ಜನವರಿ 23

ಮಗೂ,

ಇದು ಚಿಕ್ಕಮ್ಮ. ನಿನ್ನಮ್ಮನ ಒಂದು ಕಣ್ಣಿನ ಆಪರೇಷನ್ ಮೊನ್ನೆ ಆಯ್ತು, ಚೆನ್ನಾಗಾಗಿದೆ. ಪಟ್ಟಿ ಕಟ್ಟಿದಾರೆ. ಅವಳು ಹೇಳಿದ್ದು ಮಾತ್ರ ಬರಿ ಅಂದಿದಾಳೆ, ಆದರೆ ಪೆನ್ನು ನನ್ನ ಕೈಯಲ್ಲಿದೆ.

ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಕಾಯಿ ವಿಂಗಡಿಸಿದಳು. ಊಟದ ಮೇಜು ಒರೆಸಿಸಿದಳು, ಕೈ ತೊಳೆದಳು, ಒಣಬಟ್ಟೆಯಲ್ಲಿ ಒಂದೊಂದು ಬೆರಳನ್ನೂ ಒರೆಸಿಕೊಂಡಳು. ನಾನು ಒಂದು ಕಾಯಿ ಉರುಳ್ತಾ ಇದೆ ಅಂತ ಹಿಡಿಯೋಕೆ ಹೋದೆ, ಮುಟ್ಟಬೇಡ ಅಂತ ಒಂದೇ ಮಾತು. ನಮ್ಮಪ್ಪನ ದನಿಯೇ. ಆಮೇಲೆ ಒಂದೊಂದೇ ಕಾಯಿ ಹೆಬ್ಬೆರಳ ಕೆಳಗೆ ಎಳೆದು, ಈ ಕಡೆ, ಆ ಕಡೆ. ಒಂದಕ್ಕೂ ತಡವರಿಸಲಿಲ್ಲ. ಮಖಮಲ್ಲು ಒಂದು ಗುಪ್ಪೆ, ನುಣುಪು ಒಂದು ಗುಪ್ಪೆ. ಮುಗಿಸಿ ಕುರ್ಚಿಗೆ ಒರಗಿ, 'ಎಷ್ಟು ಸ್ಪಷ್ಟ ಇದೆ ನೋಡೇ, ಇದನ್ನ ಬೇರೆ ಅಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ' ಅಂದಳು. ಆಸ್ಪತ್ರೆಯಲ್ಲಿ ನರ್ಸಿಗೂ ನನ್ನ ಮಗಳ ಹೆಸರಲ್ಲಿ ಒಂದು ಗಿಡ ಇದೆ ಅಂತ ಹೇಳಿದಳು. ಅವಳು ಇಷ್ಟು ಖುಷಿಯಾಗಿದ್ದದ್ದನ್ನ ನಾನು ಎಷ್ಟೋ ವರ್ಷದಿಂದ ನೋಡಿಲ್ಲ.

ಎರಡು ಗುಪ್ಪೆಯನ್ನ ಎರಡು ಚೀಲದಲ್ಲಿ ಕಟ್ಟಿ ಕಳಿಸಿದೀನಿ. ಸುದ್ದಿ ಏನಾದರೂ ಹೆಚ್ಚುಕಮ್ಮಿ ಇದ್ದರೆ ಈಗಲೇ ಬರೀಬೇಡ ಮಗೂ. ಪಟ್ಟಿ ಬಿಚ್ಚಲಿ. ಅಳಬಾರದು ಅಂದಿದಾರೆ ಡಾಕ್ಟರು.

ಚಿಕ್ಕಮ್ಮ


ಫೆಬ್ರವರಿ 4

ಅಮ್ಮ,

ಪಟ್ಟಿ ಬಿಚ್ಚಿದರು, ಕಣ್ಣು ಚೆನ್ನಾಗಿ ಕಾಣ್ತಿದೆ ಅಂತ ಚಿಕ್ಕಮ್ಮ ಫೋನು ಮಾಡಿದಳು. ಅದಕ್ಕೇ ಇವತ್ತು ಬರೀತಿದೀನಿ. ಇದನ್ನ ನೀನೇ ಓದು.

ಚೀಲ ಬಂದ ದಿನವೇ ಬಿಚ್ಚಿ ಸಂಖ್ಯೆ ತಾಳೆ ನೋಡಿದೆ. ಮಖಮಲ್ಲಿನ ಗುಪ್ಪೆಯಲ್ಲಿ ಗುಡ್ಡದ್ದೂ ಇವೆ, ಬಯಲಿನವೂ ಇವೆ. ನುಣುಪಿನ ಗುಪ್ಪೆಯಲ್ಲೂ ಹಾಗೇ, ಹೆಚ್ಚುಕಮ್ಮಿ ಅರ್ಧರ್ಧ. ನಿನ್ನ ಬೆರಳು ಒಂದು ಕಡೆಯೂ ತಪ್ಪಿಲ್ಲ, ಭೂತಗನ್ನಡಿ ಇಟ್ಟು ನೋಡಿದೆ, ನೀನು ಮಖಮಲ್ಲು ಅಂದದ್ದೆಲ್ಲ ಮಖಮಲ್ಲೇ. ಆದರೆ ಆ ರೋಮ ಎರಡೂ ಕಡೆಯದರಲ್ಲಿ ಬರುತ್ತೆ ಅಮ್ಮ. ಒಂದೇ ಗುಡ್ಡದಲ್ಲಿ ಒಂದು ಬಳ್ಳಿಗೆ ಇರುತ್ತೆ, ಪಕ್ಕದ್ದಕ್ಕೆ ಇರಲ್ಲ. ನಿನಗೆ ಬಂದ ಹಾಳೆಯಲ್ಲಿ ರೋಮ ಇರೋ ಬಳ್ಳಿ ಸಿಕ್ಕಿತ್ತು. ಅವು ಬೇರೆ ಗಿಡ ಅಲ್ಲ.

ಚೀಲ ಇಟ್ಕೊಂಡು ಆ ವಾರವೆಲ್ಲ ಒದ್ದಾಡಿದೆ. ಯಾವ ಸಂಖ್ಯೆ ಎಲ್ಲಿಯದು ಅಂತ ಗೊತ್ತಿರೋಳು ನಾನೊಬ್ಬಳೇ. ಸರಿಹೊಂದಿದೆ ಅಂತ ಬರೆದಿದ್ದರೆ ಯಾರೂ ಕೇಳ್ತಿರಲಿಲ್ಲ. ಸಾಹೇಬರಿಗಂತೂ ಅದೇ ಬೇಕಿತ್ತು. ಒಂದು ಹಾಳೆಯಲ್ಲಿ ಹಾಗೆ ಬರೆದೂ ನೋಡಿದೆ, ಎಷ್ಟು ಚೆಂದ ಕಾಣ್ತಿತ್ತು. ಹರಿದು ಹಾಕಿದೆ.

ನಿನ್ನ ಉತ್ತರಕ್ಕೆ ನಾನು ಕಾಯಲ್ಲ. ಕಾದರೆ ಕೈ ಸೋಲುತ್ತೆ. ಇವತ್ತು ಮಧ್ಯಾಹ್ನ ಆ ಸಾಲು ಬರೆದು ಸಾಹೇಬರ ಮೇಜಿನ ಮೇಲೆ ಇಟ್ಟು ಬಂದೆ. ಹೆಸರು ಕೆಳಗಿನ ಸಾಲಿಗೆ ಹೋಯ್ತು. ನನ್ನ ಮೇಲೆ ಕೋಪ ಇದ್ದರೆ ಇರಲಿ, ಮಾತು ಮಾತ್ರ ಬಿಡಬೇಡ.

ನಿನ್ನ ತರಲೆ


ಫೆಬ್ರವರಿ 13

ತರಲೆ,

ನಾನೇ ಓದಿದೆ. ನಿನ್ನ ಅಕ್ಷರ ಇಷ್ಟು ಕೆಟ್ಟದಾಗಿದೆ ಅಂತ ಇಷ್ಟು ದಿನ ಚಿಕ್ಕಮ್ಮ ಹೇಳಿರಲೇ ಇಲ್ಲ.

ದುಃಖ ಆಯ್ತು. ಇಲ್ಲ ಅಂದರೆ ಸುಳ್ಳಾಗುತ್ತೆ. ಡಾಕ್ಟರ ಮಾತು ಮೀರಿ ಸ್ವಲ್ಪ ಅತ್ತೆ, ಕಣ್ಣಿಗೆ ಏನೂ ಆಗಲಿಲ್ಲ. ಆ ವರ್ಷ ನೀನು ಹುಟ್ಟಿದ್ದೆ. ನಿನ್ನನ್ನ ತೊಟ್ಟಿಲಲ್ಲಿ ಮಲಗಿಸಿ ಕೆಲಸಕ್ಕೆ ಹೋದರೆ ನನಗೆ ಎದುರು ಕಂಡದ್ದೆಲ್ಲ ಲೋಕದಲ್ಲೇ ಮೊದಲ ಸಲ ಆಗ್ತಿರೋ ಹಾಗೆ ಕಾಣ್ತಿತ್ತು. ಆ ಕಾಯಿಯೂ ಹಾಗೇ ಕಂಡಿತು. ಅದರಲ್ಲಿ ನನಗೆ ಈಗಲೂ ನಾಚಿಕೆ ಇಲ್ಲ.

ನೀನು ಕಾಗದ ಬರೆಯದೇ ಇದ್ದ ಆ ವಾರ ನನಗಿದ್ದ ಭಯ ಏನು ಗೊತ್ತಾ? ಹೆಸರು ಬೀಳುತ್ತೆ ಅಂತಲ್ಲ. ಅಮ್ಮನಿಗೆ ನೋವಾಗುತ್ತೆ ಅಂತ ನೀನು ಸರಿಹೊಂದಿದೆ ಅಂದುಬಿಡ್ತೀಯೇನೋ ಅಂತ. ಚಿಕ್ಕಮ್ಮ ನಿನಗೆ ಏನು ಬರೆದಳು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ. ಹಾಗೆ ಅಂದಿದ್ದರೆ ನಾನು ನಂಬಿಬಿಡ್ತಿದ್ದೆ, ಅದೇ ನನಗೆ ಹೆದರಿಕೆ. ನಿನ್ನ ಕಾಗದ ಕೈಗೆ ಬಂದಾಗ ಒಡೆಯೋಕೆ ಮೊದಲು ದಪ್ಪ ನೋಡಿದೆ. ಒಳ್ಳೆ ಸುದ್ದಿಯಾಗಿದ್ದರೆ ಇಷ್ಟು ಹಾಳೆ ಬೇಕಿರಲಿಲ್ಲ. ಆಗಲೇ ಉಸಿರು ಬಂತು.

ಕೋಪ ಇಲ್ಲ ಕಣಮ್ಮ.

ಪುಸ್ತಕ ಅಚ್ಚಾದ ಮೇಲೆ ಒಂದು ಪ್ರತಿ ಕಳಿಸು, ಇಲ್ಲ ನೀನೇ ತಗೊಂಡು ಬಾ, ಬಂದು ನಾಲ್ಕು ದಿನ ಇರು. ಆ ಪುಟದಲ್ಲಿ ನಿನ್ನ ಹೆಸರು ಕೆಳಗಿನ ಸಾಲಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ, ಪಕ್ಕದಲ್ಲಿ ಅದನ್ನಿಟ್ಟ ನನ್ನ ಹೆಸರು. ಮೇಲ್ಗಡೆ, ಬರೆದವರು ಅನ್ನೋ ಕಡೆ, ನಿನ್ನ ಹೆಸರು ಇನ್ನೊಂದು ಸಲ ದೊಡ್ಡಕ್ಷರದಲ್ಲಿ ಇರುತ್ತೆ. ಎರಡಕ್ಕೂ ಬೆರಳಿಟ್ಟು ಚಿಕ್ಕಮ್ಮನಿಗೆ ತೋರಿಸಬೇಕು, ಎರಡೂ ನಾನಿಟ್ಟದ್ದೇ ಅಂತ.

ಅಮ್ಮ